ಸಿದ್ದಲಿಂಗ ಪುರವಂತರ ಬಲಗಾಲು

ಅದಕ್ಕೇ ಮತ್ತೆ ಹೇಳುತ್ತಿದ್ದೇನೆ, ಅವರು ಬಿದ್ದದ್ದು ಸೂಜಿಗೆ ಹೆದರಿ ಅಲ್ಲ, ಹೊಟ್ಟೆ ಹಸಿದು. ಯಡೂರಿನ ಚಹಾದಂಗಡಿಯಲ್ಲಿ ಕೂತು ಯಾರು ಏನೇ ಹೇಳಲಿ, ಚಿಕ್ಕೋಡಿ ಬಸ್ ಸ್ಟ್ಯಾಂಡಿನಲ್ಲಿ ಯಾರು ಎಷ್ಟೇ ನಗಲಿ, ನಾನಂತೂ ಇದನ್ನು ಹೇಳುತ್ತಲೇ ಇರುತ್ತೇನೆ. ದಬ್ಬಣದಂಥ ಶಸ್ತ್ರವನ್ನು ಈ ಗಲ್ಲದಲ್ಲಿ ಹಾಕಿ ಆ ಗಲ್ಲದಲ್ಲಿ ತೆಗೆದು, ಕಣ್ಣು ಮಿಟುಕಿಸದೆ ಕುಣಿಯುವ ಮನುಷ್ಯ ಕೂದಲೆಳೆಯಷ್ಟು ಸೂಜಿಗೆ ಹೆದರುತ್ತಾರಾ? ನೀವೇ ಹೇಳಿ.

ಸಿದ್ದಲಿಂಗ ಪುರವಂತರು ಯಡೂರಿನವರು. ಕೃಷ್ಣಾ ಹೊಳೆಯ ದಂಡೆಗೆ ಕಬ್ಬು, ಮನೆ ಮುಂದೆ ಎಮ್ಮೆ, ಒಳಗೆ ಗೋಡೆಯ ಗೂಟಕ್ಕೆ ಅಪ್ಪನ ಕಾಲದ ಗೆಜ್ಜೆ. ಹೆಚ್ಚಿನ ದಿನ ಅವರು ಎಲ್ಲರ ಹಾಗೆ ಒಬ್ಬ ರೈತ. ನೀರಿನ ಪಾಳಿಗೆ ಜಗಳ ಆಡುತ್ತಾರೆ, ಕಬ್ಬು ಕಡಿಯುವ ಟೋಳಿ ತಡವಾಗಿ ಬಂತೆಂದು ಬೈಯುತ್ತಾರೆ, ಜಾಸ್ತಿ ಬೈದೆ ಅನಿಸಿದರೆ ಕರೆದು ಚಹಾ ಕುಡಿಸುತ್ತಾರೆ. ಆದರೆ ಲಗ್ನದ ದಿನಗಳು ಬಂದವೆಂದರೆ ಬೇರೆಯೇ ಮನುಷ್ಯ. ನಮ್ಮ ಕಡೆ ವೀರಭದ್ರ ಮನೆದೇವರಾದವರು ಲಗ್ನಕ್ಕೆ ಮೊದಲು ಗುಗ್ಗಳ ತೆಗೆಯುತ್ತಾರೆ. ಉರಿಯುವ ಗುಗ್ಗಳದ ಕೊಡ ಹೊತ್ತು ಮೆರವಣಿಗೆ. ಕೊಡದ ಮುಂದೆ ಸಂಬಾಳವೆಂಬ ಜೋಡಿ ನಗಾರಿಯ ಬಡಿತ, ಸಂಬಾಳದ ಮುಂದೆ ಎದೆಗೆ ಹಿತ್ತಾಳೆ ಹಲಗೆ ಕಟ್ಟಿ, ಕೈಯಲ್ಲಿ ಕತ್ತಿ ಹಿಡಿದು, ವೀರಭದ್ರನನ್ನು ಹೊಗಳುವ ಒಡಪು ಹೇಳುತ್ತ ಕುಣಿಯುವ ಪುರವಂತ. ಆ ಪುರವಂತ ನಮ್ಮ ಸಿದ್ದಲಿಂಗ ಕಾಕಾ ಆಗಿದ್ದರೆ ಮುಗಿಯಿತು. ಅವರನ್ನು ನೋಡಲೆಂದೇ ನಾನು ಗುರುತಿಲ್ಲದವರ ಲಗ್ನಕ್ಕೂ ಹೋಗಿ ಉಂಡು ಬಂದಿದ್ದೇನೆ. ರಾಯಬಾಗದಲ್ಲಿ ಒಮ್ಮೆ ಹುಡುಗಿ ಕಡೆಯವರು ನಾನು ಹುಡುಗನ ಕಡೆಯವನೆಂದೂ, ಹುಡುಗನ ಕಡೆಯವರು ಹುಡುಗಿ ಕಡೆಯವನೆಂದೂ ತಿಳಿದು ಎರಡೂ ಕಡೆ ಹೋಳಿಗೆ ಬಡಿಸಿದ್ದರು.

ಎಲ್ಲ ಇರುವುದು ಅವರ ಬಲಗಾಲಿನಲ್ಲಿ. ಒಡಪಿನ ಕೊನೆಗೆ ಸಂಬಾಳ ಒಂದು ಗಳಿಗೆ ನಿಲ್ಲುತ್ತದೆ. ಕಾಕಾ ಬಲಗಾಲನ್ನು ಮೊಣಕಾಲಿನ ಮಟ ಎತ್ತುತ್ತಾರೆ. ಆಮೇಲೆ ನೆಲಕ್ಕೆ ಒಂದೇ ಹೊಡೆತ. ಗೆಜ್ಜೆ ಝಲ್ಲೆಂದಾಗ ಮುಂದೆ ನಿಂತ ಮುದುಕರು ಸಹ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ.

ಬೇನೆ ಬಂದದ್ದು ಅದೇ ಕಾಲಿಗೆ.

ಮೊದಲು ಜುಮುಜುಮು. ಆಮೇಲೆ ಉರಿ. “ಅಂಗಾಲೊಳಗ ಯಾರೋ ಒಲಿ ಹೊತ್ತಿಸಿ ಊದಾಕತ್ತಾರ” ಅನ್ನುತ್ತಿದ್ದರು. ಹೊದಿಕೆಯ ಅಂಚು ಬೆರಳಿಗೆ ತಾಗಿದರೂ ಹಲ್ಲು ಕಚ್ಚುತ್ತಿದ್ದರು. ಒದ್ದೆ ಗೋಣಿಚೀಲದ ಮೇಲೆ ಕಾಲಿಟ್ಟು ಕೂರುವುದು, ಅದೂ ಸಾಲದಿದ್ದರೆ ಎಮ್ಮೆಯ ನೀರಿನ ಬಾನಿಗೇ ಇಳಿಸುವುದು. ಅವರ ಹೆಂಡತಿ ಚನ್ನವ್ವಕ್ಕ ಒಂದು ದಿನ ಹೇಳಿದಳು, “ಎಮ್ಮಿ ನನ್ನ ಮಾರಿ ನೋಡಾಕತ್ತೈತ್ರಿ. ನಿಮ್ಮ ಕಾಲ ತೊಳದ ನೀರ ಕುಡಿಯಾಕ ಅದೇನ ನಿಮ್ಮ ಶಿಷ್ಯಾ?”

ಊರಿನವರು ನೋಡಿದ ಕೂಡಲೇ ರೋಗ ಹೇಳಿಬಿಟ್ಟರು: ಶುಗರ್. ಸರಕಾರಿ ದವಾಖಾನೆಯಲ್ಲಿ ರಕ್ತ ನೋಡಿ ಶುಗರ್ ಇಲ್ಲ ಅಂದರು. ಯಾರು ಕೇಳಬೇಕು? ಯಾರ ಮನೆಗೆ ಹೋದರೂ ಕಾಕಾನಿಗೆ ಮಾತ್ರ ಸಪ್ಪಗಿನ ಚಹಾ. ಕೊನೆಗೆ ಸ್ವಂತ ಮನೆಯಲ್ಲೂ ಸಕ್ಕರೆ ಬಂದ್ ಆಯಿತು. ಡಾಕ್ಟರು ಇದು ನರದ ಬೇನೆ ಅಂದು ಗುಳಿಗೆ ಕೊಟ್ಟರು. ಗುಳಿಗೆಗೆ ಉರಿ ಸ್ವಲ್ಪ ತಗ್ಗಿತು, ಆದರೆ ಜೊತೆಗೆ ಕಾಕಾನೂ ತಗ್ಗಿಬಿಟ್ಟರು. ಕೂತಲ್ಲಿ ತೂಕಡಿಕೆ. ಉಗಾರ ಬುದ್ರುಕದ ಒಂದು ಗುಗ್ಗಳದಲ್ಲಿ, ನಾನು ಮುಂದೆಯೇ ನಿಂತಿದ್ದೆ, ಒಡಪಿನ ನಡುವೆ ಬಾಯಿ ಕಟ್ಟಿತು. ಮುಂದಿನ ಸಾಲು ಬರಲಿಲ್ಲ. ಸಂಬಾಳದವನು ಸುಮ್ಮನೆ ಬಾರಿಸುತ್ತ ಕಾದ, ಕಾದ. ಬರಲೇ ಇಲ್ಲ. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಆ ನಗುವನ್ನು ಕಾಕಾ ಕೇಳಿಸಿಕೊಂಡರು. ಅವರ ಅಣ್ಣ ಬಾಬಾಸಾಹೇಬರೂ ಕೇಳಿಸಿಕೊಂಡರು.

ಬಾಬಾಸಾಹೇಬರೆಂದರೆ ಆ ಮನೆಯ ಹಿರಿಯ. ಒಂದೇ ಅಂಗಳ, ಎರಡು ಒಲೆ. ಅವರ ಮಗಳು ಮನೀಷಾಳ ಲಗ್ನ ಅಥಣಿ ಕಡೆ ಗೊತ್ತಾಗಿತ್ತು. ಮನೀಷಾ ಸಣ್ಣವಳಿದ್ದಾಗಿಂದ ಒಂದೇ ಮಾತು: ನನ್ನ ಗುಗ್ಗಳಕ್ಕೆ ಕಾಕಾನೇ ಕುಣಿಯಬೇಕು. ಕಾಕಾನೂ ಹೂಂ ಅಂದಿದ್ದರು. ಆದರೆ ಉಗಾರದಿಂದ ಬಂದ ಮೇಲೆ ಬಾಬಾಸಾಹೇಬರು ಅಂಗಳದ ಕಟ್ಟೆಗೆ ತಮ್ಮನನ್ನು ಕರೆದರು.

“ಸಿದ್ಯಾ, ಭೋಜದಿಂದ ಮೇಳ ಹೇಳೇನಿ. ಹುಡುಗೂರು ಛಲೋ ಕುಣಿತಾವ. ನೀ ಗುಡಿ ಮುಂದ ಕುರ್ಚಿ ಹಾಕ್ಕೊಂಡ ಕುಂದ್ರ. ಅಲ್ಲೇ ಎರಡ ಒಡಪು ಹೇಳ. ಮಾನ ಉಳಿತೈತಿ.”

“ಕುರ್ಚಿ ಮ್ಯಾಲ ಕುಂತ ಹೇಳಾಕ ನಾ ಏನ ರೇಡಿಯೋ ಏನಣ್ಣಾ?”

“ಚ್ಯಾಷ್ಟಿ ಬ್ಯಾಡ. ಉಗಾರದಾಗ ಮಂದಿ ನಕ್ಕರು. ನನ್ನ ಮಗಳ ಲಗ್ನದಾಗ ನಗಬಾರ್ದ. ಅದೂ ನನ್ನ ತಮ್ಮನ ನೋಡಿ ನಗಬಾರ್ದ.”

“ನಗ್ಲಿ. ನಗೋರ ಮುಂದನ ಕುಣಿತೇನಿ.”

“ಆ ಕಾಲಿಲೆ?”

“ಇದ ಕಾಲಿಲೆ.”

ಬಾಬಾಸಾಹೇಬರು ಕೆಟ್ಟವರಲ್ಲ. ಕೆಟ್ಟವರೆಂದು ಬರೆದರೆ ನನಗೇ ಪಾಪ ಹತ್ತುತ್ತದೆ. ತಮ್ಮ ನಡುಬೀದಿಯಲ್ಲಿ ಕುಸಿದುಬಿಟ್ಟರೆ ಎಂಬ ಹೆದರಿಕೆ ಅವರಿಗೆ ನಿಜವಾಗಿಯೂ ಇತ್ತು. ಆದರೆ ಅದನ್ನು ಹೇಳುವ ಬಾಯಿ ಅವರಿಗಿಲ್ಲ. ಕುರ್ಚಿ ತರಿಸುವುದಷ್ಟೇ ಗೊತ್ತು. ಮರುದಿನ ಕೈಯಿರುವ ಕೆಂಪು ಪ್ಲಾಸ್ಟಿಕ್ ಕುರ್ಚಿ ಬಂದು ಅಂಗಳದಲ್ಲಿ ಕೂತಿತು. ಕಾಕಾ ಅದರ ಮೇಲೆ ಶೇಂಗಾ ಒಣಹಾಕಿದರು.

ಗುಳಿಗೆ ತಿಂದರೆ ಒಡಪು ಮರೆಯುತ್ತದೆ, ಬಿಟ್ಟರೆ ಕಾಲು ಉರಿಯುತ್ತದೆ. ಏನು ಮಾಡುವುದು? ರಾಯಬಾಗದಲ್ಲಿರುವ ಚನ್ನವ್ವಕ್ಕನ ತಂಗಿ ಫೋನಿನಲ್ಲಿ ಚಿಕ್ಕೋಡಿಯ ಕೌಸರ ಬಾಯಾರ ಹೆಸರು ಹೇಳಿದಳು. ಬಾಯಾರು ಅಂದರೆ ನಮ್ಮ ಕಡೆ ಮೇಡಂ. ಅವರು ಫಿಜಿಯೋಥೆರಪಿ ಓದಿ, ಆಮೇಲೆ ಅಕ್ಯುಪಂಕ್ಚರ್ ಕಲಿತವರು. ಅರಿವೆ ಅಂಗಡಿಯ ಮಾಳಿಗೆಯ ಮೇಲೆ ಸಣ್ಣ ದವಾಖಾನೆ. ಸಣ್ಣ ಸಣ್ಣ ಸೂಜಿ ಚುಚ್ಚಿ ನರದ ನೋವು ತಗ್ಗಿಸುತ್ತಾರಂತೆ, ತಂಗಿಯ ಹಿಮ್ಮಡಿ ನೋವಿಗೆ ಆರಾಮ ಬಿದ್ದಿತ್ತಂತೆ.

ಕಾಕಾ ಹಾರಿ ಬಿದ್ದರು. “ಸೂಜಿ? ನಮ್ಮ ಮನ್ಯಾಗ ಸೂಜಿಗೇನ ಕಡಿಮಿ? ಊರಿಗೆಲ್ಲ ನಾ ಸೂಜಿ ತೋರಸ್ತೇನಿ, ನನಗ ಚಿಕ್ಕೋಡ್ಯಾಗ ಒಬ್ಬಾಕಿ ತೋರಸ್ತಾಳಂತ!”

ಚನ್ನವ್ವಕ್ಕ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ನೀವು ಗಲ್ಲಕ್ಕ ಹಾಕೋತೀರಿ, ಆಕಿ ಕಾಲಿಗಿ ಹಾಕ್ತಾಳ. ಮನೀಷಾನ ಲಗ್ನದಾಗ ಗಲ್ಲ ಕುಣಿತಾವೇನ್ರಿ?”

ಚನ್ನವ್ವಕ್ಕನನ್ನು ಕರೆದುಕೊಂಡು ಕಾಕಾ ಹೊರಟರು.

ಈಗ ಆ ದಿನದ್ದು ಸರಿಯಾಗಿ ಕೇಳಿ, ಏಕೆಂದರೆ ಊರೆಲ್ಲ ತಪ್ಪಾಗಿ ಹೇಳುತ್ತಿರುವುದು ಇದನ್ನೇ. ಪುರವಂತರ ಮನೆತನದಲ್ಲಿ ಒಂದು ಕಟ್ಟಳೆ ಇದೆ. ಮೈಯೊಳಗೆ ಕಬ್ಬಿಣ ಇಳಿಯಬೇಕಾದರೆ ಜಳಕ ಆಗಿರಬೇಕು, ಮೈತುಂಬ ವಿಭೂತಿ ಇರಬೇಕು, ಹೊಟ್ಟೆ ಖಾಲಿ ಇರಬೇಕು. ಉಂಡ ಮೈಗೆ ಶಸ್ತ್ರ ಇಲ್ಲ. ಅಪ್ಪ ಹಾಗೆ ಕಲಿಸಿದ್ದ, ಅಪ್ಪನಿಗೆ ಅವನ ಅಪ್ಪ. ಸೂಜಿ ಅಂದ ಮೇಲೆ ಸೂಜಿಯೇ, ಹಾಕುವವರು ಯಾರಾದರೇನು? ಕಾಕಾ ಬೆಳಿಗ್ಗೆ ಎದ್ದು ತಣ್ಣೀರು ಸುರಿದುಕೊಂಡರು. ಹಣೆ, ತೋಳು, ಎದೆ, ಮೊಣಕಾಲಿನಿಂದ ಪಾದದ ತನಕ ವಿಭೂತಿ ಬಳಿದುಕೊಂಡರು. ಚನ್ನವ್ವಕ್ಕ ರೊಟ್ಟಿ ಮುಂದಿಟ್ಟರೆ ತಳ್ಳಿದರು. ಅವಳು, ಸಿಟ್ಟಿಗೆ ತಿನ್ನುತ್ತಿಲ್ಲ ಎಂದುಕೊಂಡು ಬಿಟ್ಟಳು. ಅಂಕಲಿ ಹಾಯ್ದು ಹೋಗುವ ಬಸ್ಸಿನಲ್ಲಿ ನಿಂತುಕೊಂಡೇ ಪ್ರಯಾಣ, ಮಾಳಿಗೆ ಹತ್ತುವುದು, ಪಾಳಿ ಕಾಯುವುದು. ಬಿಸಿಲು ನೆತ್ತಿಗೆ ಬಂದಿತ್ತು.

ಕೌಸರ ಬಾಯಾರು ಕಾಟ್ ತೋರಿಸಿ, “ಕಾಕಾ, ಮಲಕ್ಕೋರಿ” ಅಂದರು.

“ಮಲಗಿ ಸೂಜಿ ಹಾಕ್ಕೊಳ್ಳೋ ಪದ್ಧತಿ ನಮ್ಮಲ್ಲಿಲ್ರಿ ಬಾಯಾರ.”

“ನಮ್ಮಲ್ಲೈತ್ರಿ.”

“ನಾ ಕುಂತ ಹಾಕ್ಕೋತೇನಿ. ನೀವು ಹೆದರಬ್ಯಾಡ್ರಿ.”

ಪಾಪ ಆ ಬಾಯಾರಿಗೆ ನಗು ತಡೆಯಲಾಗಲಿಲ್ಲ. ಕೊನೆಗೆ ಕುರ್ಚಿಯಲ್ಲೇ ಕೂರಿಸಿ, ವಿಭೂತಿಯ ನಡುವೆ ಸ್ಪಿರಿಟಿನ ಹತ್ತಿಯಿಂದ ಅಷ್ಟಷ್ಟೇ ಜಾಗ ಒರೆಸಿ ಸೂಜಿ ಇಟ್ಟರು. ಹೆಬ್ಬೆರಳಿನ ಬುಡದ ಸಂದಿಗೆ ಒಂದು. ಕಾಕಾ ಅದನ್ನು ನೋಡಿ, “ಇದ ಸೂಜಿ ಏನ್ರಿ? ನಮ್ಮ ಎಮ್ಮಿ ಮೀಸಿ ಇದಕ್ಕಿಂತ ದಪ್ಪ ಅದಾವ” ಅಂದರು. ಮೊಣಕಾಲಿನ ಕೆಳಗೆ ಇನ್ನೊಂದು. ಒಂಥರಾ ಜಡ, ಒಳಗಿಂದ ಎಳೆದ ಹಾಗೆ ಆಯಿತಂತೆ. ಹಿಮ್ಮಡಿಯ ಮೇಲೆ ಮತ್ತೊಂದು ಇಡುವಷ್ಟರಲ್ಲಿ ಕಾಕಾನ ಮಾತು ನಿಂತಿತು. ತುಟಿ ಬಿಳಿಚಿತು, ಬೆವರು ಇಳಿಯಿತು. ಎದ್ದು ನಿಲ್ಲಲು ಹೋದ ಮನುಷ್ಯ ಹಾಗೇ ಪಕ್ಕಕ್ಕೆ ವಾಲಿದರು.

ಬಾಯಾರು ತಕ್ಷಣ ಸೂಜಿ ತೆಗೆದು, ಕಾಟಿನ ಮೇಲೆ ಮಲಗಿಸಿ, ಕಾಲ ಕೆಳಗೆ ದಿಂಬು ಕೊಟ್ಟರು. ಕಣ್ಣು ಬಿಟ್ಟ ಮೇಲೆ ಕೇಳಿದರು, “ಕಾಕಾ, ಮುಂಜಾನಿ ಏನ ತಿಂದೀರಿ?”

“ಏನೂ ಇಲ್ರಿ.”

“ಏನೂ ಇಲ್ಲ? ಯಾಕ್ರಿ?”

“ಉಂಡ ಯಾರರ ಸೂಜಿ ಹಾಕ್ಕೋತಾರೇನ್ರಿ?”

“ಯಾ ಅಲ್ಲಾ!” ಬಾಯಾರು ಹಣೆ ಹೊಡೆದುಕೊಂಡರು. “ಉಪಾಸ ಬಂದ್ರ ನಾ ಸೂಜಿ ಮುಟ್ಟಂಗೇ ಇಲ್ರಿ. ನಾ ಕೇಳಬೇಕಿತ್ತ ಖರೇ. ಆದ್ರ ಹಿಂತಾದ್ದ ಯಾರ ಮಾಡ್ತಾರಂತ ತಿಳದ ಕೇಳ್ಬೇಕು?”

ಆಮೇಲೆ ಕೆಳಗಿನಿಂದ ಚಹಾ ತರಿಸಿ ಸಕ್ಕರೆ ಸುರಿದರು. ಚನ್ನವ್ವಕ್ಕ ಅಡ್ಡ ಕೈ ಮಾಡಿದಳು, “ಬ್ಯಾಡ್ರಿ ಬಾಯಾರ, ಶುಗರ್…”

“ಇವರಿಗಿ ಶುಗರ್ ಇಲ್ರಿ ಅಕ್ಕಾರ. ರಿಪೋರ್ಟ್ ಇಲ್ಲೇ ಐತಿ.”

“ಇಲ್ಲ ಅಂತ ಗೊತ್ತೈತ್ರಿ. ಆದ್ರೂ ಎಲ್ಲಾರೂ ಐತಿ ಅಂತಾರಲ್ರಿ.”

ಕಾಕಾ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಸದ್ದು ಮಾಡುತ್ತ ಕುಡಿದರು. “ಬಾಯಾರ,” ಅಂದರು, “ಉರಿ ಕಡಿಮಿ ಆಗ್ಲಿ ಬಿಡ್ಲಿ, ಈ ಚಾಕ್ಕರ ನಾ ಮತ್ತ ಬರಾಂವ.”

ಪಾಳಿಯಲ್ಲಿ ಅಂಕಲಿಯವನೊಬ್ಬ ಕೂತಿದ್ದ. ಸಾಕಲ್ಲ! ಕಾಕಾ ಬಸ್ಸಿನಿಂದ ಇಳಿಯುವ ಮೊದಲೇ ಸುದ್ದಿ ಯಡೂರಿಗೆ ಇಳಿದಿತ್ತು. ಗಲ್ಲಕ್ಕೆ ಶಸ್ತ್ರ ಹಾಕುವ ಪುರವಂತ ಹೆಣ್ಣುಮಗಳ ಸಣ್ಣ ಸೂಜಿಗೆ ಎಚ್ಚರ ತಪ್ಪಿದ. ಬಾಬಾಸಾಹೇಬರು ಅಂಗಳದ ಕುರ್ಚಿಯ ಮೇಲಿದ್ದ ಶೇಂಗಾ ತೆಗೆಸಿ, ಒರೆಸಿ ಇಟ್ಟರು. ಅದು ಬೈಗುಳಕ್ಕಿಂತ ಹೆಚ್ಚಾಯಿತು.

ಮುಂದಿನ ಸಲ ಚಿಕ್ಕೋಡಿಗೆ ಹೊರಟ ದಿನ ಕಾಕಾ ನೇರ ಚಹಾದಂಗಡಿಗೆ ಬಂದರು. ಬೆಂಚು ತುಂಬಿತ್ತು. ಕಾಗವಾಡ ಕಡೆಯಿಂದ ಬಂದ ಶಿವಾಜಿ ಅನ್ನುವ ಟ್ರ್ಯಾಕ್ಟರ್ ಡ್ರೈವರ್, ಅವನು ಕನ್ನಡದ ನಡುವೆ ಮರಾಠಿ ಸೇರಿಸುವವನು, ಕೂಗಿದ, “ಕಾಯ್ ಪುರವಂತ, ಸುಯಿಲಾ ಘಾಬರ್‍ಲಾ ಕಾಯ್? ಸೂಜಿಗಿ ಅಂಜಿದ್ರಂತಲ್ಲ?”

ಎಲ್ಲರೂ ನಕ್ಕರು. ಕಾಕಾ ಬೆಂಚಿನ ನಡುವೆ ಜಾಗ ಮಾಡಿಕೊಂಡು ಕೂತು, ಬುತ್ತಿ ಬಿಚ್ಚಿದರು. ಜೋಳದ ರೊಟ್ಟಿ, ಝುಣಕ, ಒಂದು ಉಳ್ಳಾಗಡ್ಡಿ. ಉಳ್ಳಾಗಡ್ಡಿಯನ್ನು ಬೆಂಚಿನ ಮೇಲಿಟ್ಟು ಮುಷ್ಟಿಯಿಂದ ಗುದ್ದಿ ಒಡೆದರು.

“ಹೌದಪಾ, ಬಿದ್ದೆ. ಉಪಾಸ ಇದ್ದೆ, ಬಿದ್ದೆ. ಇವತ್ತ ಮತ್ತ ಹೊಂಟೇನಿ. ಎಲ್ಲಾರೂ ನೋಡ್ರಿ, ಉಣ್ಣಾಕತ್ತೇನಿ. ನಾಳಿ ಯಾರರ ಮತ್ತ ಬಿದ್ದ ಅಂದ್ರ, ಏನ ತಿಂದ ಬಿದ್ದಾನ ಅಂತರ ಬರೋಬರಿ ಹೇಳ್ರಿ. ಎರಡ ರೊಟ್ಟಿ. ಇಲ್ಲ, ನಿಲ್ರಿ. ಇನ್ನೊಂದ ತಿಂತೇನಿ.”

ಮೂರನೆಯದನ್ನೂ ತಿಂದರು. ಯಾರೂ ಎದ್ದು ಹೋಗಲಿಲ್ಲ. ಶಿವಾಜಿಯೇ ನೀರಿನ ತಂಬಿಗೆ ಮುಂದೆ ಸರಿಸಿದ.

ಆ ದಿನ ಕಾಲಿಗೆ ವಿಭೂತಿ ಇರಲಿಲ್ಲ. ಕಾಕಾ ಸುಮ್ಮನೆ ಮಲಗಿದರು. ಬಾಯಾರು ಕಾಲನ್ನು ಬೆಳಕಿಗೆ ತಿರುಗಿಸಿದವರು ಹಾಗೇ ನಿಂತರು. ಪಾದದ ಕೀಲಿನ ಒಳಬದಿಗೆ, ಹರಡಿನ ಹಿಂದೆ, ಎಲುಬಿನ ಕೆಳಗೆ, ಕಪ್ಪಗೆ ಒಂದು ತಗ್ಗು ಇತ್ತು, ಎತ್ತಿನ ಕೊರಳಿಗೆ ನೊಗ ಉಜ್ಜಿ ಬಿದ್ದ ಕಲೆಯ ಹಾಗೆ. ಬೆರಳಿನಿಂದ ಅಲ್ಲಿ ಸಣ್ಣಗೆ ತಟ್ಟಿದರು.

“ಅಯ್ಯಯ್ಯೋ, ಕರೆಂಟ್! ಹೆಬ್ಬಟ್ಟಿನ ತನಕ ಹೋತ್ರಿ!”

“ಇದೇನ ಕಲೆ, ಕಾಕಾ?”

“ಗೆಜ್ಜಿದ್ರಿ. ತೊಗಲಿನ ಪಟ್ಟಾ. ಗಂಟ ಇಲ್ಲೇ ಬರತೈತಿ. ಬೆರಳ ತೂರಬಾರ್ದು, ಹಂಗ ಬಿಗೀಬೇಕ. ಇಲ್ಲಾಂದ್ರ ಹೊಡತ ಹೊಡದಾಗ ಜಾರತೈತಿ.”

“ಎಷ್ಟ ವರ್ಷದಿಂದ?”

“ಮೀಸಿ ಬರೋಕಿಂತ ಮೊದಲ.”

ಬಾಯಾರು ತಿಳಿಸಿ ಹೇಳಿದರು. ಅಂಗಾಲಿಗೆ ಹೋಗುವ ನರ ಈ ಹರಡಿನ ಹಿಂದಿನ ಇಕ್ಕಟ್ಟಿನಲ್ಲೇ ಹಾಯುತ್ತದೆ. ಅಲ್ಲಿ ಒತ್ತಿದರೆ ಅಂಗಾಲು ಉರಿಯುತ್ತದೆ. ಆದರೂ ನನ್ನ ಬೆರಳನ್ನೇ ನಂಬಬೇಡಿ, ದೊಡ್ಡ ದವಾಖಾನೆಯಲ್ಲಿ ನರದ ಟೆಸ್ಟ್ ಮಾಡಿಸಿ ಬನ್ನಿ ಅಂದರು. ಮಾಡಿಸಿದರು, ಅಲ್ಲಿಯೂ ಅದನ್ನೇ ಹೇಳಿದರು. ಗುಳಿಗೆಯನ್ನು ಹೇಗೆ ಇಳಿಸುತ್ತ ಬರಬೇಕೆಂದೂ ಅಲ್ಲಿನ ಡಾಕ್ಟರರೇ ತಿಳಿಸಿದರು.

ರಿಪೋರ್ಟ್ ನೋಡಿ ಬಾಯಾರು ಹೇಳಿದರು, “ನೋಡ್ರಿ ಕಾಕಾ, ಸೂಜಿಲೆ ಉರಿ ತಗ್ಗಿಸಾಕ ನೋಡ್ತೇನಿ. ತಗ್ಗತೈತಿ ಅಂತ ಛಾಪಾ ಹೊಡದ ಕೊಡಂಗಿಲ್ಲ. ಕೆಲವರಿಗಿ ಆಗತೈತಿ, ಕೆಲವರಿಗಿ ಇಲ್ಲ. ಆದ್ರ ಇಲ್ಲಿ ನಾ ಸಡ್ಲ ಮಾಡೋದು, ಊರಿಗ್ಹೋಗಿ ನೀವ್ ಗೆಜ್ಜಿ ಬಿಗಿಯೋದು, ಹಿಂಗಾದ್ರ ಮುಗೀತು.”

ಕಾಕಾ ಎದ್ದು ಕೂತರು. “ಅಂದ್ರ? ಗೆಜ್ಜಿ ಬಿಡು ಅಂತೀರೇನು?”

“ನಾ ಅನ್ನೋದ…”

“ಅಣ್ಣ ಕುರ್ಚಿ ಮ್ಯಾಲ ಕುಂದ್ರು ಅಂತಾನ. ನೀವ್ ಗೆಜ್ಜಿ ಬಿಡು ಅಂತೀರಿ. ಕಾಲ ಕಡದ ಗೂಟಕ್ಕ ಹಾಕ್ರಿ, ಮುಗೀತಲ್ಲ! ಅದು ನಮ್ಮಪ್ಪನ ಗೆಜ್ಜಿ. ಬಿಡಂಗಿಲ್ಲ. ನಡೀ ಬೇ ಚನ್ನಿ.”

ಚಪ್ಪಲಿ ಮೆಟ್ಟಿ ಇಳಿದೇ ಬಿಟ್ಟರು. ಅರ್ಧ ಮೆಟ್ಟಿಲು ಇಳಿದಿದ್ದಾಗ ಮೇಲಿನಿಂದ ಬಾಯಾರ ದನಿ ಬಂತು. ಅವರಿಗೂ ಸಿಟ್ಟು ಬಂದಿತ್ತು, ಆ ಬಾಯಾರನ್ನು ಹಾಗೆ ಅರ್ಧಕ್ಕೆ ಬಿಟ್ಟು ಹೋದವರು ಇಲ್ಲ.

“ಕಾಕಾ! ಗೆಜ್ಜಿ ಬಿಡ ಅಂದೆನೇನ ನಾ? ಅಷ್ಟ ಉದ್ದ ಕಾಲ ಕೊಟ್ಟಾನ ದೇವ್ರ, ಆ ಒಂದ ಜಾಗಾನ ಬೇಕೇನ ಕಟ್ಟಾಕ? ಮ್ಯಾಲ ಕಟ್ಟರಿ!”

ಕಾಕಾ ಅಲ್ಲಿಯೇ ನಿಂತರು. ತಿರುಗಿ ನೋಡಲಿಲ್ಲ, ಮುಂದೆಯೂ ಇಳಿಯಲಿಲ್ಲ. ಅಲ್ಲಿಂದಲೇ ಅಂದರು, “ಮ್ಯಾಲ ಕಟ್ಟಿದ್ರ ದನಿ ಬರಂಗಿಲ್ರಿ.”

“ಕಟ್ಟಿ ನೋಡೀರೇನು?”

ಇಲ್ಲ. ಯಾರೂ ನೋಡಿರಲಿಲ್ಲ. ಅಪ್ಪನೂ ಇಲ್ಲ, ಅಜ್ಜನೂ ಇಲ್ಲ.

ಮುಂದಿನ ಸಲ ಗೆಜ್ಜೆ ಚೀಲದಲ್ಲಿ ಚಿಕ್ಕೋಡಿಗೆ ಬಂತು. ಸೂಜಿ ತೆಗೆದು ಸ್ವಲ್ಪ ಹೊತ್ತು ಕೂರಿಸಿದ ಮೇಲೆ ಬಾಯಾರು ಹರಡಿನಿಂದ ನಾಲ್ಕು ಬೆರಳು ಮೇಲೆ ಮೆತ್ತನೆ ಅರಿವೆಯ ಮಡಿಕೆ ಸುತ್ತಿದರು. ಅದರ ಮೇಲೆ ಕಾಕಾ ಗೆಜ್ಜೆ ಕಟ್ಟಿ, ಗಂಟನ್ನು ಹೊರಗಿನ ಬದಿಗೆ ತಂದರು. ಒಂದು ಹೊಡೆತ ಹೊಡೆದರು. ಗೆಜ್ಜೆ ಸರ್‍ರನೆ ಕೆಳಗಿಳಿಯಿತು. ಇನ್ನಷ್ಟು ಮೇಲೆ ಕಟ್ಟಿದರು, ಮೀನಖಂಡ ದಪ್ಪವಾಗಿದ್ದರಿಂದ ದನಿ ಮಂಕಾಯಿತು. ಅರಿವೆ ಬದಲಿಸಿದರು. ಪಕ್ಕದ ಕಾಟಿನಲ್ಲಿ ಸೊಂಟಕ್ಕೆ ಸೂಜಿ ಇಡಿಸಿಕೊಂಡು ಬೋರಲು ಮಲಗಿದ್ದ ನಿಪ್ಪಾಣಿಯ ಹಾಜಿರಾಬಿ ಅನ್ನುವ ಮುದುಕಿ ಚೀರಿದಳು, “ಏ ಪುರವಂತಾ, ಒಂದೀಟ ತಡಿಯೋ! ನನ್ನ ಸೂಜಿ ಎಲ್ಲಾ ಕುಣಿಯಾಕತ್ತಾವು!”

“ಸೂಜಿ ಕುಣಿಯಾಕತ್ತಾವು ಅಂದ್ರ ದನಿ ಬಂತ ಅಂತಾತಲ್ರಿ ಅಜ್ಜಿ?”

“ಬಂತೋ ಮಾರಾಯಾ, ಬಂತು!”

ಅಷ್ಟರಲ್ಲಿ ಕೆಳಗಿನ ಅರಿವೆ ಅಂಗಡಿಯವನು, ಮಾಳಿಗೆ ಕುಸಿಯುತ್ತಿದೆಯೇನೋ ಎಂದು ಹೆದರಿ ಮೇಲೆ ಬಂದಿದ್ದ. ಕಾಕಾ ಅವನಿಗೇ ಕೇಳಿದರು, ಕೆಳಗೆ ಹೇಗೆ ಕೇಳಿಸಿತು ಅಂತ. “ಗಿರಾಕಿ ಓಡಿ ಹೋದ್ರು” ಅಂದ. ಕಾಕಾನಿಗೆ ಅಷ್ಟೇ ಸಾಕಾಗಿತ್ತು.

ಆಮೇಲೆ ಲಗ್ನದ ತನಕ ಬಸ್ಸು, ಸೂಜಿ, ಸಕ್ಕರೆ ಚಹಾ. ಉರಿ ಮೆಲ್ಲಗೆ ಇಳಿಯಿತು. ಹೊದಿಕೆ ತಾಗಿದರೂ ನಿದ್ದೆ ಬರತೊಡಗಿತು. ಗುಳಿಗೆಯೂ ಇಳಿಯಿತು, ಒಡಪು ಬಾಯಿಗೆ ಮರಳಿ ಬಂತು. ಪೂರ್ತಿ ಗುಣವಾಯಿತು ಅಂತ ನಾನು ಬರೆದರೆ ಸುಳ್ಳಾಗುತ್ತದೆ. ಹೆಬ್ಬೆರಳಿನ ಕೆಳಗೆ ಒಂದು ಜಾಗ ಈಗಲೂ ಹತ್ತಿಯ ಮೇಲೆ ಕಾಲಿಟ್ಟ ಹಾಗಿದೆಯಂತೆ. ದಣಿದ ದಿನ ಉರಿ ಮತ್ತೆ ಬಂದು ಹೋಗುತ್ತದೆ. ತಗ್ಗಿದ್ದು ಸೂಜಿಯಿಂದ ಎಷ್ಟು, ಗೆಜ್ಜೆ ಸರಿಸಿದ್ದರಿಂದ ಎಷ್ಟು ಅಂತ ನಾನೇ ಬಾಯಾರನ್ನು ಕೇಳಿದೆ. “ನನಗೂ ಗೊತ್ತಿಲ್ಲೋ ತಮ್ಮಾ” ಅಂದರು.

ಗುಗ್ಗಳದ ದಿನ. ಭೋಜದ ಮೇಳ ಬೆಳಿಗ್ಗೆಯೇ ಇಳಿಯಿತು, ಅದರ ಮುಂದಾಳು ಸುರಜ ಅನ್ನುವ ಹುಡುಗ. ಕೆಂಪು ಕುರ್ಚಿ ಗುಡಿಯ ಮುಂದೆ ಹೋಗಿ ಕೂತಿತ್ತು. ಕಾಕಾ ಒಳಗಿನಿಂದ ಬಂದರು. ಕಾವಿ ಧೋತರ, ಎದೆಗೆ ಹಲಗೆ, ಕೈಯಲ್ಲಿ ಕತ್ತಿ. ಬಲಗಾಲಿಗೆ ಹರಡಿನ ಮೇಲೆ ಬಿಳಿ ಅರಿವೆ, ಅದರ ಮೇಲೆ ಅಪ್ಪನ ಗೆಜ್ಜೆ.

ಬಾಬಾಸಾಹೇಬರು ಕಾಲು ನೋಡಿದರು. “ಇದೇನೋ ಸಿದ್ಯಾ? ಗೆಜ್ಜಿ ಹಂಗ ಕಟ್ಟತಾರೇನ? ಅಪ್ಪ ಹಿಂಗ ಕಟ್ಟತಿದ್ನೇನ?”

“ಇಲ್ಲ.”

“ಮತ್ತ?”

“ಅಪ್ಪನೂ ಕಡೀಕ ಕಡೀಕ ಬಾನ್ಯಾಗ ಕಾಲ ಇಡತಿದ್ದ. ನೆನಪೈತೇನಣ್ಣಾ?”

ಬಾಬಾಸಾಹೇಬರಿಗೂ ನೆನಪಿತ್ತು. ಅಪ್ಪನಿಗೆ ವಯಸ್ಸಾಯಿತು ಅಂತ ಮನೆಯವರೆಲ್ಲ ಅಂದುಕೊಂಡಿದ್ದರು, ಗೆಜ್ಜೆ ಬಿಚ್ಚಿ ಗೂಟಕ್ಕೆ ಹಾಕಿದ ಮೇಲೆ ಆತ ಅಂಗಳ ದಾಟಿರಲಿಲ್ಲ.

“ಕಟ್ಟಳಿ ಅಂತ ಒಂದ ಐತ್ಯೋ,” ಅಂದರು, ಆದರೆ ದನಿ ಮೆತ್ತಗಾಗಿತ್ತು.

“ಐತಿ. ಗೆಜ್ಜಿ ಕಟ್ಟೇನಿ, ಉಪಾಸ ಅದೇನಿ. ಗಂಟ ಎಲ್ಲಿ ಬರಬೇಕ ಅನ್ನೂದ ವೀರಭದ್ರ ಕೇಳಿದ್ರ ನಾ ಹೇಳ್ಕೋತೇನಿ. ನೀ ಸರಿ.”

ಬಾಗಿಲಲ್ಲಿ ಅರಿಷಿಣದ ಮೈಯಲ್ಲಿ ನಿಂತಿದ್ದ ಮನೀಷಾ ಅಲ್ಲಿಂದಲೇ ಕೂಗಿದಳು, “ಅಪ್ಪಾ, ಸರೀತಿಯೋ, ಇಲ್ಲಾ ನಾನ ಬಂದ ಕೊಡ ಹೊರ್‍ಲೋ?”

ಸರಿದರು. ಸಂಬಾಳ ಎದ್ದಿತು.

ಕೌಸರ ಬಾಯಾರೂ ಬಂದಿದ್ದರು, ಲಗ್ನಕ್ಕೆ ಕರೆದಿದ್ದರಲ್ಲ. ಶಸ್ತ್ರದ ಹೊತ್ತಿಗೆ ಚನ್ನವ್ವಕ್ಕನ ಕಿವಿಯಲ್ಲಿ, “ಆ ಸೂಜಿ ಕುದಿಸೀರೇನ್ರಿ?” ಅಂದರು. “ಕುದಿಸೇನ್ರಿ. ಮುಂಜಾನಿಂದ ಕುದಿಯಾಕತ್ತೈತಿ, ಇನ್ನ ಒಗ್ಗರಣಿ ಒಂದ ಉಳದೈತಿ” ಅಂದಳು ಚನ್ನವ್ವಕ್ಕ. ಸಂಬಾಳ ಏರಿತು. ಕಾಕಾ ಗಲ್ಲವನ್ನು ಎರಡು ಬೆರಳಲ್ಲಿ ಹಿಡಿದು ಶಸ್ತ್ರ ದಾಟಿಸಿದರು. ಒಂದು ಹನಿ ರಕ್ತ ಇಲ್ಲ. ಬಾಯಾರು? ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಗೋಡೆಗೆ ತಿರುಗಿ ನಿಂತಿದ್ದರು. “ಮುಗೀತೇನ್ರಿ? ಮುಗೀತೇನ್ರಿ?” ಅಂತ ಕೇಳುತ್ತಲೇ ಇದ್ದರು. ದಿನಾ ಸೂಜಿ ಚುಚ್ಚುವವರು!

ಶಸ್ತ್ರ ತೆಗೆದು ಮೆರವಣಿಗೆ ಹೊಳೆಗೆ ಹೋಯಿತು. ಹೊಳೆಯಿಂದ ಗುಡಿಗೆ ಏರುವ ದಾರಿಯಲ್ಲಿ ಕಾಕಾನ ಮುಖ ಬದಲಾದದ್ದನ್ನು ನಾನು ಕಂಡೆ. ಉರಿ ಬಂದಿತ್ತು. ಹಲ್ಲು ಕಚ್ಚಿದರು. ಸುರಜ ಹತ್ತಿರ ಸರಿದು, “ಕಾಕಾ, ನಾ ಹಿಡೀಲ್ರಿ?” ಅಂದ. ಕಾಕಾ ತಲೆ ಅಲ್ಲಾಡಿಸಿದರು. ಒಡಪಿನ ಕೊನೆ ಬಂತು, ಸಂಬಾಳ ನಿಂತಿತು. ಎಲ್ಲರ ಕಣ್ಣು ಬಲಗಾಲಿನ ಮೇಲೆ. ಕಾಕಾ ಎತ್ತಿದ್ದು ಎಡಗಾಲು. ಹೊಡೆತ ಬಿತ್ತು. ಅದರ ಹಿಂದೆಯೇ ಬಲಗಾಲು. ಆಮೇಲೆ ಇಡೀ ದಾರಿ ಹಾಗೆಯೇ, ಹೊಲಕ್ಕೆ ನೀರಿನ ಪಾಳಿ ಹಚ್ಚಿದ ಹಾಗೆ ಎರಡೂ ಕಾಲಿಗೆ ಪಾಳಿ ಹಚ್ಚಿದರು. ಅಂಥ ಕುಣಿತವನ್ನು ನಾನು ಮೊದಲು ನೋಡಿರಲಿಲ್ಲ. ಒಂದು ಸಾಲೂ ತಪ್ಪಲಿಲ್ಲ. ಯಾರೂ ನಗಲಿಲ್ಲ.

ಗುಡಿ ಮುಟ್ಟಿದ ಮೇಲೂ ನಿಲ್ಲಿಸಲಿಲ್ಲ. ಕೊನೆಗೆ ಬಾಬಾಸಾಹೇಬರೇ ಬೆವರು ಒರೆಸುತ್ತ ಅಂದರು, “ಸಾಕ ಮಾಡೋ ಸಿದ್ಯಾ, ನಿನ್ನ ಹಿಂದ ನಡದ ನನ್ನ ಕಾಲ ನೋಯಾಕತ್ತಾವು.”

“ಕುಂದ್ರಣ್ಣಾ,” ಅಂದರು ಕಾಕಾ. “ಕುರ್ಚಿ ತರಿಸೀಯಲ್ಲ.”

ಬಾಬಾಸಾಹೇಬರು ಕೂತರು. ಕೂತು ಕಣ್ಣು ಒರೆಸಿಕೊಂಡರು, ಬೆವರೋ ಏನೋ. ಸುರಜ ಒಂದು ಬದಿಗೆ ಕೂತು ತನ್ನ ಗೆಜ್ಜೆ ಬಿಚ್ಚಿ, ಹರಡಿನ ಹಿಂದೆ ಬೆರಳಿನಿಂದ ತಟ್ಟಿ ತಟ್ಟಿ ನೋಡಿಕೊಳ್ಳುತ್ತಿದ್ದ.

ಇದು ನಡೆದದ್ದು. ನನ್ನ ಮಾತಿನ ಮೇಲೆ ನಂಬಿಕೆ ಇಲ್ಲದಿದ್ದರೆ ಒಮ್ಮೆ ಯಡೂರಿಗೆ ಹೋಗಿ. ಗುಡಿಯ ಹಿಂದೆ ಹೊಳೆಯ ಕಡೆಗೆ ನಡೆದು, ಎಮ್ಮೆ ಕಟ್ಟಿದ ಯಾವ ಅಂಗಳದಲ್ಲಿ ಕೆಂಪು ಕುರ್ಚಿ ಇದೆಯೆಂದು ನೋಡಿ, ಈಗ ಅದರ ಮೇಲೆ ಮತ್ತೆ ಶೇಂಗಾ ಒಣಗುತ್ತಿರುತ್ತದೆ. ಅದೇ ಮನೆ. ಕಾಕಾ ಮೊದಲು ಕೇಳುವುದು ಹೆಸರಲ್ಲ, ಊರಲ್ಲ, “ಉಂಡ ಬಂದಿಯೇನು?” ಅಂತ. ಇಲ್ಲ ಅಂದರೆ ರೊಟ್ಟಿ ಸಿಗುತ್ತದೆ, ಹೂಂ ಅಂದರೂ ಸಿಗುತ್ತದೆ. ಗೆಜ್ಜೆ ಹೇಗೆ ಕಟ್ಟುತ್ತೀರಿ ಅಂತ ಒಂದು ಮಾತು ಕೇಳಿ ಸಾಕು, ಗೂಟದಿಂದ ಇಳಿಸಿ ಕಟ್ಟಿ ತೋರಿಸುತ್ತಾರೆ. ಶುಗರ್ ಸುದ್ದಿ ಮಾತ್ರ ತೆಗೆಯಬೇಡಿ. ಹೋಗಿ ಬನ್ನಿ.